ಕೋಡ್ ನೋಡಿ ಪಾರ್ಟ್ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಕಾರಿನ ಫಾಲ್ಟ್ ಕೋಡ್ ಓದುವ ಪುಟ್ಟ ಸ್ಕ್ಯಾನರ್ ಈಗ ಎಲ್ಲರ ಕೈಗೂ ಸಿಗುತ್ತದೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿ, ಮೊಬೈಲಿಗೆ ಸೇರಿಸಿಕೊಂಡರೆ ಆಯಿತು. ಗ್ಯಾರೇಜ್ ನಡೆಸುವ ನನಗೆ ಇದು ಖುಷಿಯೇ. ಜೊತೆಗೆ ಒಂದು ತಲೆನೋವೂ ಶುರುವಾಗಿದೆ. ಗಾಡಿಯಿಂದ ಇಳಿಯುವ ಮೊದಲೇ ಗಿರಾಕಿ, "ಪಿ0171 ಬಂದಿದೆ, ಆಕ್ಸಿಜನ್ ಸೆನ್ಸರ್ ಹಾಕಿಬಿಡಿ" ಅನ್ನುತ್ತಾರೆ. ಅವರನ್ನು ಬೈದು ಏನು ಬಂತು? ನಮ್ಮ ಕಸುಬಿನವರೂ ಎಷ್ಟೋ ಜನ ಮಾಡುವುದು ಇದನ್ನೇ.

ಪಿ0171 ಹೇಳುವುದು ಇಷ್ಟೇ: ಎಂಜಿನ್ನಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಹೊಗೆಯಲ್ಲಿ ಉಳಿದ ಆಮ್ಲಜನಕದಿಂದ ಅದನ್ನು ಕಂಡು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ತಿಳಿಸಿದ್ದೇ ಆಕ್ಸಿಜನ್ ಸೆನ್ಸರ್. ಪರೀಕ್ಷೆ ಮಾಡದೆ ಅದನ್ನೇ ಕಿತ್ತು ಹೊಸದು ಹಾಕುವುದು, ಜ್ವರ ಬಂತೆಂದು ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ಅದೇ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಅಂತ ಇರುತ್ತದೆ. ಇಸಿಯು ಮಾಮೂಲಿಗಿಂತ ಶೇಕಡ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡುತ್ತಿದೆ ಎಂಬ ಲೆಕ್ಕ ಅದು. ಸೊನ್ನೆಯಿಂದ ಆಚೀಚೆ 10ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಪ್ಲಸ್ 20 ದಾಟಿ, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ನಾನು ಮೊದಲು ನೋಡುವುದು ಎಂಜಿನ್ನಿನ ಗಾಳಿ ದಾರಿಗೆ ಸೇರಿದ ವ್ಯಾಕ್ಯೂಮ್ ಹೋಸ್ ಮತ್ತು ಇನ್‌ಟೇಕ್ ಗ್ಯಾಸ್ಕೆಟ್. ಅವುಗಳ ಸೀಳಿನಿಂದ ನುಸುಳುವ ಗಾಳಿ ಐಡಲ್‌ನಲ್ಲಿ ದೊಡ್ಡ ಪಾಲು. ಎಂಜಿನ್ ಜೋರಾಗಿ ಉಸಿರೆಳೆಯುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಇದರ ಬದಲು ಲೋಡ್ ಬಿದ್ದಂತೆಲ್ಲ ಟ್ರಿಮ್ ಏರುತ್ತಿದ್ದರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್ ಮೇಲೆ ಅನುಮಾನ. ಕೋಡ್ ಮಾತ್ರ ಎರಡಕ್ಕೂ ಒಂದೇ!

ಪಿ0301, ಅಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್ (ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಇನ್ನೂ ಸುಲಭ. ಪ್ರತಿ ಸಿಲಿಂಡರಿಗೂ ಪ್ಲಗ್ಗಿಗೆ ಕಿಡಿ ಕೊಡುವ ಬೇರೆ ಕಾಯಿಲ್ ಇರುವ ಗಾಡಿಯಾದರೆ ಒಂದನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303ಕ್ಕೆ ಹಾರಿದರೆ ಕಾಯಿಲ್ ಹೋಗಿದೆ. ಅಲ್ಲೇ ಕೂತಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಬೇಕು. ಈ ಪರೀಕ್ಷೆಗೆ ಹೊಸ ಪಾರ್ಟ್ ಬೇಕೇ ಇಲ್ಲ. ಆದರೆ ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಸುಮ್ನೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಆಮೇಲೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಬರುತ್ತದೆ, ಕನ್ವರ್ಟರ್ ಬದಲಿಸುತ್ತಾರೆ, ಮಿಸ್‌ಫೈರ್ ಹಾಗೇ ಇರುತ್ತದೆ, ಹೊಸದೂ ಹಾಳಾಗುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಕೋಡ್ ಅಳಿಸಿ ಗಾಡಿ ತರುವವರನ್ನು ಕಂಡಾಗ. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ, ಎಷ್ಟು ಲೋಡ್ ಅನ್ನುವುದನ್ನೆಲ್ಲ ಇಸಿಯು ಫ್ರೀಜ್ ಫ್ರೇಮ್‌ನಲ್ಲಿ ಬರೆದಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಯಿತು. ದೀಪ ಆರುತ್ತದೆ, ತೊಂದರೆ ಉಳಿಯುತ್ತದೆ. ಹಳೇ ಕಾರು ಕೊಳ್ಳುವವರೂ ಇದನ್ನು ತಿಳಿದಿರಲಿ: ಇಸಿಯು ತನ್ನ ತಪಾಸಣೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ಸ್ಕ್ಯಾನರ್‌ನ ರೆಡಿನೆಸ್ ಪುಟದಲ್ಲಿ ಬಹುತೇಕ ಎಲ್ಲವೂ ಇನ್‌ಕಂಪ್ಲೀಟ್ ಅಂತಿದ್ದರೆ, ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಅಂತ ಕೇಳಬೇಕು ಅಲ್ವಾ?

ಗಿರಾಕಿಗಳಲ್ಲಿ ನನ್ನ ಕೋರಿಕೆ ಒಂದೇ. ಬಿಲ್ಲಿನಲ್ಲಿ ಬರೀ ಪಾರ್ಟಿನ ಹೆಸರು ಒಪ್ಪಿಕೊಳ್ಳಬೇಡಿ. ಯಾವ ಕೋಡ್ ಬಂದಿತ್ತು, ಆ ಪಾರ್ಟ್ ಕೆಟ್ಟಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯಿತು ಅನ್ನುವುದನ್ನೂ ಬರೆಸಿಕೊಳ್ಳಿ. ಕಿತ್ತ ಹಳೇ ಪಾರ್ಟನ್ನೂ ಕೇಳಿ ಪಡೆಯಿರಿ.

– ಒಬ್ಬ ಗ್ಯಾರೇಜ್ ಮೆಕ್ಯಾನಿಕ್