ಬ್ಯಾಟರಿ ಬದಲಿಸಲು ಇಷ್ಟು ಕಷ್ಟ ಯಾಕೆ?

ಮಾನ್ಯರೇ,

ಮೊದಲು ಫೋನಿನ ಮುಚ್ಚಳವನ್ನು ಉಗುರಿನಿಂದಲೇ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. ಈಗ ಎಲ್ಲಕ್ಕೂ ಅಂಟು. ಮೊನ್ನೆ ವಿಜಯಪುರದ ಗಾಂಧಿ ಚೌಕದ ಹತ್ತಿರ ರಿಪೇರಿ ಹುಡುಗ ನನ್ನ ಫೋನಿನ ಹಿಂಬದಿ ಬಿಸಿ ಮಾಡಿ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಗಾಜು ಒಡೆಯದಂತೆ ಅಂಚು ಅಂಚಾಗಿ ಎಬ್ಬಿಸಿದ. ಒಳ್ಳೆಯ ಕೈ ಅವನದು. ಆದರೆ ಅಸಲಿ ಬ್ಯಾಟರಿ ಅವನಿಗೆ ಸಿಗುವುದಿಲ್ಲ. ಕಂಪನಿಯವರನ್ನು ಕೇಳಿದರೆ, "ಹಳೇದಾಗೇದ, ಹೊಸಾದ ತಗೋರಿ" ಅನ್ನುತ್ತಾರೆ. ಪರದೆ, ಕ್ಯಾಮೆರಾ ಎಲ್ಲ ಗಟ್ಟಿಯಿರುವ ಫೋನನ್ನು ಸುಮ್ನೆ ಎಸೆಯಬೇಕಾ?

ಯೂರೋಪಿನಲ್ಲಿ 2025ರ ಜೂನ್‌ನಿಂದ ಹೊಸ ನಿಯಮವಿದೆ. ಮಾರಾಟ ನಿಲ್ಲಿಸಿದ ಮೇಲೂ ಕಂಪನಿಗಳು 7 ವರ್ಷ ಮುಖ್ಯ ಬಿಡಿಭಾಗ, 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್, ಅಂದರೆ ರಿಪೇರಿ ಮಾಹಿತಿ ಕೊಡುವ ಜಾಲತಾಣ, ತೆರೆಯಿತು, ಒಳ್ಳೆಯದೇ. ಆದರೆ ಪೋರ್ಟಲ್ ಸಾಲದು, ಯೂರೋಪಿನಂಥದೇ ಕಾನೂನು ಬೇಕು.

ಯೂಟ್ಯೂಬ್‌ನಲ್ಲಿ ಹೊಸ ಫೋನ್ ತೋರಿಸುವ ಕನ್ನಡದ ಗೆಳೆಯರಿಗೂ ಒಂದು ವಿನಂತಿ. ಮೆಗಾಪಿಕ್ಸೆಲ್ ಜೊತೆಗೆ, ಕೆಟ್ಟರೆ ನಮ್ಮೂರಲ್ಲಿ ಬಿಡಿಭಾಗ ಸಿಗುತ್ತದಾ ಅನ್ನೋದನ್ನೂ ಹೇಳಿ. ಕೊಳ್ಳುವವರಿಗೆ ಅದೇ ಜಾಸ್ತಿ ಮುಖ್ಯ ಅಲ್ವಾ?

– ಓದುಗ, ವಿಜಯಪುರ