ಅಂಕ ಕೊಡುವವರು ಏಪ್ರಿಲ್‌ನಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಯಾವ ನಗರಕ್ಕೆ ಎಷ್ಟನೇ ಸ್ಥಾನ ಅನ್ನುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಮೊದಲೆಲ್ಲ ಆಸೆಯಿಂದ ಓದುತ್ತಿದ್ದೆ. ಈಗ ಬೆಂಗಳೂರು ಮೇಲಿದ್ದರೂ ಖುಷಿಯಿಲ್ಲ, ಕೆಳಗಿದ್ದರೂ ಬೇಜಾರಿಲ್ಲ.

2021ರ ಮಾರ್ಚ್ ನೆನಪಿದೆಯಾ? ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ ಬದುಕಲು ಯಾವ ಊರು ಸಲೀಸು ಅಂತ ಪಟ್ಟಿ ಬಿಟ್ಟಿತು. ಹತ್ತು ಲಕ್ಷಕ್ಕಿಂತ ಜಾಸ್ತಿ ಜನರಿರುವ ಊರುಗಳಲ್ಲಿ ಬೆಂಗಳೂರೇ ಫಸ್ಟ್, ನೂರಕ್ಕೆ 66.70. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದೇ ದಿನ ಅದೇ ಸಚಿವಾಲಯ ನಗರಪಾಲಿಕೆಗಳ ಕೆಲಸಕ್ಕೂ ಅಂಕ ಕೊಟ್ಟಿತ್ತು, ಅದರಲ್ಲಿ ನಾವು 51ರಲ್ಲಿ 31ನೆಯವರು. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ನವೆಂಬರ್‌ನಲ್ಲಿ ನೀತಿ ಆಯೋಗ 56 ನಗರಗಳನ್ನು 77 ಸೂಚಕಗಳಲ್ಲಿ ತೂಗಿ ಸುಸ್ಥಿರ ಅಭಿವೃದ್ಧಿಯ, ಅಂದರೆ ಮುಂದಿನವರಿಗೂ ಉಳಿಯುವಂಥ ಬೆಳವಣಿಗೆಯ, ಪಟ್ಟಿ ಮಾಡಿತು. ಶಿಮ್ಲಾ ಮೊದಲು, ಕೊಯಮತ್ತೂರು ಎರಡನೆಯದು, ಬೆಂಗಳೂರು ಮೊದಲ ಹತ್ತರಲ್ಲೂ ಇಲ್ಲ. ಎಂಟು ತಿಂಗಳಲ್ಲಿ ಊರು ಅಷ್ಟು ಕೆಟ್ಟುಹೋಯಿತೇ? ಊರು ಅದೇ. ಒಬ್ಬರು ಪಾವಿನಲ್ಲಿ ಅಳೆದರು, ಇನ್ನೊಬ್ಬರು ಸೇರಿನಲ್ಲಿ.

ಮಾರ್ಚ್‌ನ ಆ ಫಸ್ಟ್ ರ‍್ಯಾಂಕ್ ಬಂದದ್ದು ಹೇಗೆ ಅಂತ ಬಿಡಿಸಿ ನೋಡಿದರೆ ವಿಷಯ ಗೊತ್ತಾಗುತ್ತದೆ. ಆರ್ಥಿಕ ಶಕ್ತಿ ಅನ್ನುವ ವಿಭಾಗದಲ್ಲಿ ನಮಗೆ 78.82, ಉಳಿದ ಊರುಗಳು ಹತ್ತಿರಕ್ಕೂ ಬಂದಿರಲಿಲ್ಲ. ಸುಸ್ಥಿರತೆಯಲ್ಲಿ ಮುಂದಿದ್ದದ್ದು ಪುಣೆ. ಎಲ್ಲ ಕೂಡಿಸುವಾಗ ದುಡ್ಡಿನ ಅಂಕ ನಮ್ಮನ್ನು ದಡ ಹತ್ತಿಸಿತು.

ಎಸ್ಸೆಸ್ಸೆಲ್ಸಿಯಲ್ಲಿ ಹೀಗೆ ನಡೆಯುತ್ತದಾ ಹೇಳಿ. ಸಮಾಜದಲ್ಲಿ ನೂರಕ್ಕೆ ನೂರು ತೆಗೆದ ಹುಡುಗ ಗಣಿತದಲ್ಲಿ ಡುಮ್ಕಿ ಹೊಡೆದರೆ ಅವನು ಫೇಲ್, ಅಷ್ಟೇ. ಊರಿಗೆ ಮಾತ್ರ ನೀರಿನಲ್ಲಿ ಡುಮ್ಕಿ ಹೊಡೆದು ಸಾಫ್ಟ್‌ವೇರ್‌ನಲ್ಲಿ ಪಾಸಾಗುವ ಸೌಕರ್ಯ! ನನ್ನ ತಕರಾರು ಇದೊಂದೇ. ನೀರು, ಗಾಳಿ, ಕಸ, ಮರ, ಬಸ್ಸು, ಒಂದೊಂದಕ್ಕೂ ಬೇರೆ ಬೇರೆ ಪಾಸ್ ಮಾರ್ಕ್ ಇರಲಿ. ಒಂದರಲ್ಲಿ ಬಿದ್ದರೆ ಒಟ್ಟು ಅಂಕ ಹೇಳಲೇಬೇಡಿ.

ಫಸ್ಟ್ ಬಂದ ಮೂರೇ ವರ್ಷಕ್ಕೆ, 2024ರ ಬೇಸಿಗೆಯಲ್ಲಿ, ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. 12 ಸಾವಿರ ಲೀಟರಿನ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ನಮ್ಮ ವರ್ತೂರು ಕಡೆ ಟ್ಯಾಂಕರಿನವನು ಆ ದರ ಕೇಳಿ ನಕ್ಕುಬಿಟ್ಟ. ಎರಡು ಸಾವಿರ ಕೊಟ್ಟೆ. ಕೊಟ್ಟ ಮೇಲೂ ಅವನು ಬಂದದ್ದು ಮಾರನೇ ದಿನ ಬೆಳಗಿನ ಜಾವ ಮೂರಕ್ಕೆ, ಸಂಪಿನ ಮುಚ್ಚಳ ತೆಗೆದು ಪೈಪ್ ಹಿಡಿದು ನಿಂತವರು ನಾನು ಮತ್ತು ನನ್ನ ಹೆಂಡತಿ. ತಮಾಷೆ ಏನೆಂದರೆ, ಹೀಗೆ ಟ್ಯಾಂಕರಿಗೆ ಸುರಿದ ದುಡ್ಡೂ ಊರಿನ ವಹಿವಾಟಿನ ಲೆಕ್ಕಕ್ಕೇ ಸೇರುತ್ತದೆ ಅಲ್ವಾ!

ಎಣಿಸುವುದರಲ್ಲೂ ಮೋಸವಿದೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಆರು ಹೊಂಗೆ ಸಸಿ ನೆಟ್ಟರು. ಹಸಿರು ಬಣ್ಣದ ಕಬ್ಬಿಣದ ಬೇಲಿ, ಫೋಟೋ, ಲಾಡು ಎಲ್ಲ ಆಯಿತು. ಯುಗಾದಿ ಹೊತ್ತಿಗೆ ಉಳಿದದ್ದು ಎರಡು, ಅದೂ ಎದುರು ಮನೆ ಅಜ್ಜಿ ಪಾತ್ರೆ ತೊಳೆದ ನೀರು ಹಾಕಿದ್ದಕ್ಕೆ. ಒಂದು ಬೇಲಿಯೊಳಗೆ ಈಗ ಎಳನೀರು ಬುರುಡೆ ತುಂಬಿದೆ. ದಾಖಲೆಯಲ್ಲಿ ಮಾತ್ರ ಆರು ಸಸಿ ಹಾಗೇ ಇರುತ್ತವೆ. ನೆಟ್ಟದ್ದು ಎಷ್ಟು ಅಂತ ಬೇಡ, ಮೂರು ವರ್ಷ ಆದ ಮೇಲೆ ಬದುಕಿರುವುದು ಎಷ್ಟು ಅಂತ ಎಣಿಸಿ. ಮರಗಣತಿ ಮಾಡಬೇಕು ಅಂತ 1976ರ ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಲ್ಲೇ ಇದೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ನೀರೂ ಹಾಗೇ. ಎಷ್ಟು ಮನೆಗೆ ಪೈಪ್ ಹಾಕಿದ್ದೀರಿ ಅನ್ನುವುದಕ್ಕಿಂತ ವಾರಕ್ಕೆ ಎಷ್ಟು ಗಂಟೆ ನೀರು ಬಂತು ಅಂತ ಬರೆದುಕೊಳ್ಳಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಒಂದು ಕೊಡ ನೀರಿಗೆ ಎಷ್ಟು ಕರೆಂಟ್ ಹೋಯಿತು ಅನ್ನುವುದೂ ಹಸಿರು ಲೆಕ್ಕದಲ್ಲಿ ಬರಬೇಕು.

ಇನ್ನು ಜನರನ್ನು ಕೇಳುವ ರೀತಿ. ನಗರಗಳ ಸ್ವಚ್ಛತೆಗೆ ಕೇಂದ್ರ ಸರ್ಕಾರ ಅಂಕ ಕೊಡುವ ಸ್ವಚ್ಛ ಸರ್ವೇಕ್ಷಣೆಯಲ್ಲಿ 2019ರಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ನಗರ ಈ ಸರ್ವೇಕ್ಷಣೆಯಲ್ಲಿ ಭಾಗವಹಿಸುತ್ತಿರುವುದು ನಿಮಗೆ ಗೊತ್ತೇ? ಗೊತ್ತು ಅಂದರೆ ಬೀದಿ ಚೊಕ್ಕಟವಾಗುತ್ತದಾ!

ಈಗ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಐದೂ ಪಾಲಿಕೆಗಳು ಒಂದೇ ಅಳತೆಗೋಲು ಹಿಡಿದು, ವರ್ಷ ವರ್ಷ ಅದನ್ನು ಬದಲಿಸದೆ, ವಾರ್ಡ್ ವಾರ್ಡಿನ ಲೆಕ್ಕ ಕನ್ನಡದಲ್ಲಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ. ಡಿಸೆಂಬರ್‌ನಲ್ಲಿ ಬಂದು ಅಳೆದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್‌ನಲ್ಲಿ ಬರಲಿ. ಕಾಫಿ ನಮ್ಮ ಮನೆಯಲ್ಲೇ ಕೊಡುತ್ತೇನೆ, ಟ್ಯಾಂಕರ್ ಬಂದಿದ್ದರೆ.

ಇಂತಿ,
ನಿಮ್ಮ ಓದುಗ
ವರ್ತೂರು, ಬೆಂಗಳೂರು