ಕ್ವಾರ್ಟರ್ಸ್‌ನ ನೆರೆಹೊರೆಗೆ ಒಂದು ಬಹಿರಂಗ ಕೃತಜ್ಞತೆ

ನನ್ನ ಪತಿ ಎರಡೂವರೆ ದಶಕಗಳ ಸೇವೆಯ ನಂತರ ಸೇನೆಯ ಎಂಜಿನಿಯರಿಂಗ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಿಂದ ಸುಬೇದಾರರಾಗಿ ಕಳೆದ ತಿಂಗಳು ನಿವೃತ್ತರಾದರು. ಯೂನಿಟ್‌ನಲ್ಲಿ ಬಡಾಖಾನಾ, ಅಂದರೆ ಎಲ್ಲರೂ ಕೂಡಿ ಉಣ್ಣುವ ಔತಣ, ಆಯಿತು, ಹಾಸನಕ್ಕೆ ಬಂದ ಮೇಲೆ ಊರಿನವರು ಶಾಲು ಹೊದಿಸಿ ಸನ್ಮಾನಿಸಿದರು. ಆ ಎಲ್ಲರಿಗೂ ನಮ್ಮ ಕುಟುಂಬದ ವಂದನೆಗಳು. ಆದರೆ ನನ್ನ ಪತಿ ಗಡಿಯಲ್ಲಿದ್ದಾಗ ನನ್ನನ್ನೂ ಮಕ್ಕಳನ್ನೂ ನೋಡಿಕೊಂಡವರು ಕಂಟೋನ್ಮೆಂಟಿನ ಕ್ವಾರ್ಟರ್ಸ್‌ಗಳಲ್ಲಿ ನಮ್ಮ ಅಕ್ಕಪಕ್ಕ ಇದ್ದವರು. ಅವರಲ್ಲಿ ಯಾರೂ ಈಗ ಆ ಮನೆಗಳಲ್ಲಿಲ್ಲ. ಒಬ್ಬರು ಉತ್ತರಾಖಂಡದ ಗಢವಾಲದಲ್ಲಿದ್ದರೆ ಇನ್ನೊಬ್ಬರು ಅಸ್ಸಾಂನ ತೇಜಪುರದಲ್ಲಿದ್ದಾರೆ, ಕೆಲವರ ವಿಳಾಸವೇ ನನಗೆ ಗೊತ್ತಿಲ್ಲ. ಮನೆಮನೆಗೆ ಹೋಗಿ ಹೇಳಲಾಗದ ಮಾತಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸೇನೆಯ ಸಂಸಾರದ ಲೆಕ್ಕಾಚಾರ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಕುಟುಂಬದೊಂದಿಗೆ ಇರಬಹುದಾದ ಪೀಸ್ ಸ್ಟೇಷನ್‌ಗೆ ಪೋಸ್ಟಿಂಗ್ ಆದರೂ ಕ್ವಾರ್ಟರ್ಸ್ ಸಿಗುವುದು ಸರದಿಯ ಪ್ರಕಾರ; ಸಿಕ್ಕ ಮನೆಯಲ್ಲಿ ಪರದೆ ಕಟ್ಟಿ, ಗ್ಯಾಸ್ ವರ್ಗಾಯಿಸಿಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸಿ ಉಸ್ಸಪ್ಪಾ ಎನ್ನುವ ಹೊತ್ತಿಗೆ ಮುಂದಿನ ಆರ್ಡರ್ ಬಂದಿರುತ್ತದೆ. ಗಂಡನಿಗೆ ಗಡಿಯಂಥ ಕಡೆಗೆ ಫೀಲ್ಡ್ ಪೋಸ್ಟಿಂಗ್ ಬಂದರೆ ಹೆಂಡತಿ ಮಕ್ಕಳು ಜೊತೆಗೆ ಹೋಗುವಂತಿಲ್ಲ. ಊರಿಗೆ ಹೋಗಬೇಕು, ಇಲ್ಲವೇ ಇಂಥ ಕುಟುಂಬಗಳಿಗೆಂದೇ ಇರುವ ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸ್‌ನಲ್ಲಿರಬೇಕು. ಮಕ್ಕಳ ಓದಿನ ಸಲುವಾಗಿ ನಾನು ಪಂಜಾಬಿನ ಜಲಂಧರ್‌ನಲ್ಲಿಯೇ ಉಳಿದೆ. ನಮ್ಮ ಸಾಲಿನ ಯಾವ ಮನೆಯಲ್ಲೂ ಗಂಡಸರಿರಲಿಲ್ಲ; ಸಿಲಿಂಡರ್ ಎತ್ತುವುದರಿಂದ ಹಿಡಿದು ಮಧ್ಯರಾತ್ರಿ ಜ್ವರ ಬಂದ ಮಗುವನ್ನು ಮಿಲಿಟರಿ ಆಸ್ಪತ್ರೆಗೆ ಕರೆದೊಯ್ಯುವವರೆಗೆ ಎಲ್ಲವನ್ನೂ ಹೆಂಗಸರೇ ಹಂಚಿಕೊಂಡು ಮಾಡುತ್ತಿದ್ದರು.

2016ರ ಫೆಬ್ರವರಿಯನ್ನು ಇಲ್ಲಿ ನೆನೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮಕುಸಿತವಾಗಿ 19ನೇ ಮದ್ರಾಸ್ ಬೆಟಾಲಿಯನ್ನಿನ 10 ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು, ಒಬ್ಬ ಸುಬೇದಾರರು ನಮ್ಮ ಹಾಸನ ಜಿಲ್ಲೆಯವರೇ. ನನ್ನ ಪತಿ ಆಗ ಅದೇ ಹಿಮನದಿಯ ಬೇರೊಂದು ಕಡೆ ಇದ್ದರು. ಮೇಲಿನ ಪೋಸ್ಟ್‌ಗಳಿಂದ ಫೋನ್ ಬರುವುದೇ ಅಪರೂಪ, ಬಂದರೂ ಎರಡು ಮಾತು. ಟಿವಿಯಲ್ಲಿ 'ಹಾಸನದ ಯೋಧ' ಎಂಬ ಸಾಲು ಮೊದಲು ಬಂದು, ಹೆಸರು ಆಮೇಲೆ ಬಂತು. ಆ ನಡುವಿನ ಹೊತ್ತನ್ನು ನಾನು ವರ್ಣಿಸಲಾರೆ. ಎದುರು ಮನೆಯ ಗಢವಾಲಿ ಅಕ್ಕ ಏನನ್ನೂ ಕೇಳದೆ ಒಳಗೆ ಬಂದು ಟಿವಿ ಆರಿಸಿದರು, ರಿಮೋಟನ್ನು ತಮ್ಮ ಸ್ವೆಟರಿನ ಜೇಬಿಗೆ ಹಾಕಿಕೊಂಡು ನೇರ ಅಡುಗೆಮನೆಗೆ ಹೋಗಿ ಹಿಟ್ಟು ಕಲಸತೊಡಗಿದರು. ಅವರ ಪತಿಯೂ ಆಗ ಲಡಾಖ್‌ನಲ್ಲೇ ಇದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಆರು ದಿನ ಹಿಮದಡಿ ಇದ್ದೂ ಜೀವಂತ ಸಿಕ್ಕ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಮ್ಮ ಸಾಲಿನ ಮಂದಿರದಲ್ಲಿ ದೀಪ ಹಚ್ಚಿದವರಲ್ಲಿ ಕನ್ನಡ ಬಲ್ಲವರು ಇಬ್ಬರೇ. 11ರಂದು ಅವರು ದೆಹಲಿಯಲ್ಲಿ ತೀರಿಕೊಂಡ ದಿನದ ರಾತ್ರಿಯೂ ಆ ಅಕ್ಕ ನಮ್ಮ ಮನೆಯಲ್ಲೇ ಮಲಗಿದರು. ಪತಿಯ ಫೋನ್ ಬರುವವರೆಗೆ ನನ್ನ ಮಕ್ಕಳು ಯಾರ ಯಾರ ಮನೆಯಲ್ಲಿ ಉಂಡರೋ, ಯಾರು ಅವರ ಹೋಂವರ್ಕ್ ಮಾಡಿಸಿದರೋ ನನಗೆ ಇಂದಿಗೂ ಪೂರ್ತಿ ತಿಳಿಯದು.

ಕ್ವಾರ್ಟರ್ಸ್ ಬದುಕೆಲ್ಲ ಹೀಗೆಯೇ ಇತ್ತೆಂದರೆ ಸುಳ್ಳಾದೀತು. ಗಂಡನ ದರ್ಜೆ ಹೆಂಡತಿಯ ಹೆಗಲ ಮೇಲೂ ಕೂರುತ್ತದೆ. ಯಾರು ಯಾವ ಸಾಲಿನಲ್ಲಿ ಕುಳಿತುಕೊಳ್ಳಬೇಕು, ಯಾರಿಗೆ ಮೊದಲು ನಮಸ್ತೆ ಹೇಳಬೇಕು ಎಂಬುದೆಲ್ಲ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ. ನನಗೆ ಅದು ಎಂದೂ ಒಗ್ಗಲಿಲ್ಲ. ಆದರೆ ಕಷ್ಟದ ದಿನಗಳಲ್ಲಿ ಬಾಗಿಲು ತಟ್ಟಿದ ಒಬ್ಬರೂ ದರ್ಜೆ ನೋಡಿ ತಟ್ಟಲಿಲ್ಲವೆಂಬುದೂ ಅಷ್ಟೇ ನಿಜ.

ಮಕ್ಕಳ ಕನ್ನಡಕ್ಕಾಗಿ ನಾನು ಗೋಕಾಕದ ಒಬ್ಬ ತಾಯಿಗೆ ಋಣಿ. ಕೇಂದ್ರೀಯ ವಿದ್ಯಾಲಯಗಳು 1963ರಲ್ಲಿ ಆರಂಭವಾದದ್ದೇ ನಮ್ಮಂಥ ವರ್ಗಾವಣೆಯ ಕುಟುಂಬಗಳಿಗಾಗಿ. ಪಂಜಾಬಿನಿಂದ ಜಬಲ್ಪುರಕ್ಕೆ ಹೋದರೂ ಅದೇ ಪಠ್ಯ, ಅದೇ ಸಮವಸ್ತ್ರ ಸಿಕ್ಕಿತೆಂಬುದು ದೊಡ್ಡ ಉಪಕಾರ. ಆದರೆ ಅಲ್ಲಿ ಕನ್ನಡವಿರಲಿಲ್ಲ. ನನ್ನ ಮಗಳು ಅಜ್ಜಿಯ ಜೊತೆ ಹಿಂದಿಯಲ್ಲಿ ಮಾತಾಡತೊಡಗಿದ್ದಳು. ಆ ತಾಯಿ ಭಾನುವಾರ ಮಧ್ಯಾಹ್ನ ವರಾಂಡದಲ್ಲಿ ಚಾಪೆ ಹಾಸಿ, ಕ್ಯಾಂಟೀನ್ ಸಾಮಾನಿನ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದು ಕಾಗುಣಿತ ಕಲಿಸಿದರು. ಅವರ ಪಾಠದಿಂದಾಗಿ ನನ್ನ ಮಗಳ ಕನ್ನಡಕ್ಕೆ ಬೆಳಗಾವಿ ಸೀಮೆಯ 'ಏನ್ರೀ' ಸೇರಿಕೊಂಡಿದೆ, ಹಾಸನದ ನೆಂಟರು ನಗುತ್ತಾರೆ, ನಗಲಿ. ಹಾಗೆಯೇ, ಸೇನಾ ಪತ್ನಿಯರ ಕಲ್ಯಾಣ ಸಂಘದ ಕೇಂದ್ರದಲ್ಲಿ ನನಗೆ ಹೊಲಿಗೆ ಕಲಿಸಿದ ಮೇಡಂ ಅವರಿಗೂ ವಂದನೆ. ಇಂದು ನಾಲ್ಕು ಕಾಸು ನನ್ನದೇ ದುಡಿಮೆಯಿಂದ ಬರುತ್ತಿದೆ.

ಕೊನೆಯ ಕ್ವಾರ್ಟರ್ಸ್ ಬಿಡುವಾಗ ಮಾರ್ಚ್ ಔಟ್‌ಗೆ, ಅಂದರೆ ಮನೆ ಒಪ್ಪಿಸುವ ತಪಾಸಣೆಗೆ, ಬಂದ ಎಂಇಎಸ್ (ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆ) ಸಿಬ್ಬಂದಿ ಪಟ್ಟಿ ಹಿಡಿದು ಫ್ಯಾನು, ನಲ್ಲಿ, ಕಿಟಕಿಯ ಗಾಜುಗಳನ್ನೆಲ್ಲ ಎಣಿಸಿದರು. ಅಡುಗೆಮನೆಯ ಒಂದು ಬಲ್ಬ್ ಹೋಗಿತ್ತು. ಪಕ್ಕದ ಮನೆಯ ಒಡಿಶಾದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬದವಳು, ತನ್ನ ಮನೆಯ ಬಲ್ಬನ್ನೇ ಬಿಚ್ಚಿ ತಂದು ಹಾಕಿ ಲೆಕ್ಕ ಸರಿಮಾಡಿದಳು. ಹೆಸರು, ನಂಬರ್ ಬರೆದ ನಮ್ಮ ಕಪ್ಪು ಟ್ರಂಕ್‌ಗಳನ್ನು ಲಾರಿಗೆ ಏರಿಸಿದ ಯೂನಿಟ್‌ನ ಹುಡುಗರು ಚಹಾ ಕುಡಿಯಲೂ ನಿಲ್ಲಲಿಲ್ಲ. ಅವರೆಲ್ಲರಿಗೂ ನಮ್ಮ ಕೃತಜ್ಞತೆಗಳು.

ಬೇಲೂರು, ಹಳೇಬೀಡು ನೋಡಲು ಬರುತ್ತೇವೆ ಎಂದು ಪ್ರತಿ ಸ್ಟೇಷನ್ನಿನಲ್ಲೂ ಹಲವರು ಹೇಳಿದ್ದೀರಿ. ದಯವಿಟ್ಟು ಮಕ್ಕಳ ರಜೆಯಲ್ಲಿ ಬನ್ನಿ, ಹೋಟೆಲ್ ಹುಡುಕಬೇಡಿ. ನನ್ನ ಫೋನ್ ನಂಬರ್ ಹಳೆಯದೇ ಇದೆ.